ಗಲ್ಫ್ ಬಿಟ್ಟು ಊರಿಗೆ: ಯಾವುದು ಮೊದಲು, ಯಾವುದು ಕೊನೆಗೆ?

ಮಾರ್ಚ್ ಮುಗಿಯುತ್ತಾ ಬಂತೆಂದರೆ ದುಬೈಯ ಕುಸೈಸ್, ಕರಾಮ, ಶಾರ್ಜಾದ ನಹ್ದಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಸೋಫಾ ಸೆಟ್ಟು, ಮಂಚ, ವಾಷಿಂಗ್ ಮೆಷಿನ್ನು, ಮಕ್ಕಳ ಸೈಕಲ್ಲು. ಒಟ್ಟಿಗೇ ಒಯ್ಯುವವರಿಗೆ ಕಡಿಮೆ ರೇಟು. ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಅಲ್ಲೂ ಮಾರ್ಚ್‌ಗೇ ಮುಗಿಯುವುದರಿಂದ, ವೀಸಾ ‘ಕ್ಯಾನ್ಸಲ್ ಮಾಡಿ’ ಊರಿಗೆ ಹೊರಡುವ ಕುಟುಂಬಗಳಿಗೆ ಅದೇ ಸುಗ್ಗಿಯ ಕಾಲ.

ಹೋಗಬೇಕೋ ಬೇಡವೋ ಎಂದು ನಾಲ್ಕೈದು ವರ್ಷ ತೂಗಿ ನೋಡಿದವರು ಕೂಡ ಹೊರಡುವ ಕೆಲಸಕ್ಕೆ ಇಟ್ಟುಕೊಳ್ಳುವುದು ಎರಡೋ ಮೂರೋ ವಾರ. ಸಾಮಾನು ಕಟ್ಟುವುದಕ್ಕೆ ಅಷ್ಟು ಸಾಕು. ಆದರೆ ಯುಎಇಯಲ್ಲಿ ಕರೆಂಟು ಬಿಲ್ಲಿನಿಂದ ಹಿಡಿದು ಕಾರು ಮಾರಾಟದ ತನಕ ಎಲ್ಲವೂ ಮೂರು ವಸ್ತುಗಳಿಗೆ ಗಂಟು ಹಾಕಿಕೊಂಡಿದೆ: ಎಮಿರೇಟ್ಸ್ ಐಡಿ, ಅಲ್ಲಿನ ಮೊಬೈಲ್ ನಂಬರು, ಅಲ್ಲಿನ ಬ್ಯಾಂಕ್ ಖಾತೆ. ಇವುಗಳಲ್ಲಿ ಒಂದನ್ನು ಅವಸರದಲ್ಲಿ ಮೊದಲೇ ಮುಚ್ಚಿಬಿಟ್ಟರೆ ಉಳಿದದ್ದೆಲ್ಲ ಅರ್ಧಕ್ಕೆ ನಿಲ್ಲುತ್ತದೆ. ಓಟಿಪಿ ಬರಬೇಕಾದ ಸಿಮ್ಮನ್ನೇ ರದ್ದು ಮಾಡಿ ಬ್ಯಾಂಕಿನ ಆ್ಯಪ್ ತೆರೆಯಲಾಗದೆ ಕೂತವರು, ಡಿಪಾಸಿಟ್ ವಾಪಸ್ ಬರಬೇಕಾದ ಖಾತೆಯನ್ನೇ ಮುಚ್ಚಿ ಊರಿನಿಂದ ಇಮೇಲ್ ಬರೆಯುತ್ತಾ ಇರುವವರು ಗಲ್ಫ್ ನಂಟಿರುವ ಪ್ರತಿ ಊರಿನಲ್ಲೂ ಸಿಗುತ್ತಾರೆ.

ಉದಾಹರಣೆಗೆ ಒಂದು ಕುಟುಂಬವನ್ನು ಎಣಿಸಿಕೊಳ್ಳೋಣ. ಬಂಟ್ವಾಳ ಕಡೆಯವರು, ಕುಸೈಸ್‌ನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ವಾಸ, ಗಂಡನಿಗೆ ಒಂದೇ ಕಂಪನಿಯಲ್ಲಿ 12 ವರ್ಷದ ಸರ್ವಿಸು. ಮಗಳು ಐದನೇ ತರಗತಿ, ಮಗ ಎರಡನೇ ತರಗತಿ ಮುಗಿಸಿದ್ದಾರೆ. ಏಪ್ರಿಲ್ ಎರಡನೇ ವಾರಕ್ಕೆ ಮಂಗಳೂರಿನ ಟಿಕೆಟ್ ಆಗಿದೆ.

ಮೊದಲು ಹಣದ ಮಾತು. ಗ್ರ್ಯಾಚುಟಿ ವಿಷಯದಲ್ಲಿ ಬಹಳ ಜನರ ಲೆಕ್ಕ ತಪ್ಪುವುದು ಒಂದೇ ಕಡೆ: ಕೈಗೆ ಬರುವ ಪೂರ್ತಿ ಸಂಬಳದ ಮೇಲೆ ಎಣಿಸುತ್ತಾರೆ. ಯುಎಇ ಕಾರ್ಮಿಕ ಕಾನೂನಿನಲ್ಲಿ ಅದು ಕೊನೆಯ ಮೂಲ ವೇತನದ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಅಲ್ಲಿಂದಾಚೆಗೆ ವರ್ಷಕ್ಕೆ 30 ದಿನದ್ದು. ಒಟ್ಟು ಮೊತ್ತ ಎರಡು ವರ್ಷದ ವೇತನ ಮೀರುವಂತಿಲ್ಲ. ನಮ್ಮ ಉದಾಹರಣೆಯ ಯಜಮಾನರ ಸಂಬಳ 10,000 ದಿರ್ಹಮ್, ಅದರಲ್ಲಿ ಮೂಲ ವೇತನ 6,000 ಎಂದುಕೊಂಡರೆ ದಿನಕ್ಕೆ 200. ಐದು ವರ್ಷಕ್ಕೆ 105 ದಿನ, ಮಿಕ್ಕ ಏಳು ವರ್ಷಕ್ಕೆ 210 ದಿನ, ಒಟ್ಟು 315 ದಿನಕ್ಕೆ 63,000 ದಿರ್ಹಮ್. ಪೂರ್ತಿ ಸಂಬಳ ಹಿಡಿದು ಲೆಕ್ಕ ಹಾಕಿದವರ ಮನಸ್ಸಿನಲ್ಲಿ 1,05,000 ಕೂತಿರುತ್ತದೆ. ಊರಿನ ಮನೆಯ ಸಾಲವನ್ನೋ ಜಾಗದ ಮುಂಗಡವನ್ನೋ ಈ ಎರಡನೇ ಅಂಕಿ ನಂಬಿ ಒಪ್ಪಿಕೊಂಡರೆ ಬಂದಿಳಿದ ತಿಂಗಳಿನಿಂದಲೇ ಪೇಚಾಟ. ದುಬೈಯ ಹಣಕಾಸು ವಲಯ ಡಿಐಎಫ್‌ಸಿಯಲ್ಲಿ ಕೆಲಸ ಮಾಡುವವರ ಕಥೆ ಬೇರೆ. ಅಲ್ಲಿ 2020ರಿಂದ ಗ್ರ್ಯಾಚುಟಿಯ ಬದಲು ಕಂಪನಿ ತಿಂಗಳು ತಿಂಗಳು ಹಣ ತುಂಬುವ ಉಳಿತಾಯ ಯೋಜನೆ ಬಂದಿದೆ.

ಕೆಲಸ ಮುಗಿದ 14 ದಿನದೊಳಗೆ ಬಾಕಿ ಸಂಬಳ, ಉಳಿದ ರಜೆಯ ಹಣ, ಗ್ರ್ಯಾಚುಟಿ ಎಲ್ಲವನ್ನೂ ಕಂಪನಿ ಕೊಟ್ಟು ಮುಗಿಸಬೇಕು ಎಂದು 2021ರ ಕಾನೂನು ಹೇಳುತ್ತದೆ. ಆದರೆ ವೀಸಾ ಕ್ಯಾನ್ಸಲ್ ಮಾಡಿಸಲು ಕಂಪನಿಯ ಪಿಆರ್‌ಒ ತರುವ ಕಾಗದದಲ್ಲಿ ‘ನನಗೆ ಬರಬೇಕಾದದ್ದೆಲ್ಲ ಬಂದಿದೆ’ ಎಂಬರ್ಥದ ಸಾಲೊಂದು ಇರುತ್ತದೆ. ಸಹಿ ಹಾಕಿ, ದುಡ್ಡು ನಾಳೆ ಬೀಳುತ್ತದೆ ಎನ್ನುವುದು ಅಲ್ಲಿನ ರೂಢಿ. ಹೆಚ್ಚಿನ ಕಂಪನಿಗಳು ಮಾತಿಗೆ ತಪ್ಪುವುದಿಲ್ಲ, ನಿಜ. ಆದರೂ ಲೆಕ್ಕದ ಚೀಟಿಯನ್ನು ಬರಹದಲ್ಲಿ ಪಡೆದು, ಹಣ ಖಾತೆಗೆ ಬಂದದ್ದನ್ನು ನೋಡಿಯೇ ಪೆನ್ನು ತೆಗೆಯುವುದು ಜಾಣತನ. ಇದಕ್ಕೆ ಮುಖ ದಾಕ್ಷಿಣ್ಯ ಪಡಬೇಕಾದದ್ದಿಲ್ಲ.

ಇಲ್ಲೇ ಬ್ಯಾಂಕಿನ ಒಂದು ಸಿಕ್ಕು ಕಾದಿರುತ್ತದೆ. ಸಾಲವೋ ಕ್ರೆಡಿಟ್ ಕಾರ್ಡ್ ಬಾಕಿಯೋ ಇದ್ದರೆ, ಫೈನಲ್ ಸೆಟ್ಲ್‌ಮೆಂಟ್ ಹಣ ಬಿದ್ದ ಕೂಡಲೇ ಬ್ಯಾಂಕು ಖಾತೆಯನ್ನು ತಡೆಹಿಡಿಯಬಹುದು. ಹೊಸ ಕೆಲಸದ ಪತ್ರ ಕೊಡಿ, ಇಲ್ಲವೇ ಸಾಲ ತೀರಿಸಿ ಎನ್ನುತ್ತದೆ. ಊರಿಗೆ ಹೊರಟವರ ಕೈಯಲ್ಲಿ ಮೊದಲನೆಯದು ಇರುವುದಿಲ್ಲ. ಹಾಗಾಗಿ ಸಾಲದ ಮಾತುಕತೆ ರಾಜೀನಾಮೆ ಕೊಡುವ ಮೊದಲೇ ಆಗಬೇಕು. ಕ್ರೆಡಿಟ್ ಕಾರ್ಡನ್ನಂತೂ ಎರಡು ತಿಂಗಳು ಮುಂಚೆಯೇ ಬಂದ್ ಮಾಡಲು ಅರ್ಜಿ ಹಾಕುವುದು ಒಳ್ಳೆಯದು. ಅರ್ಜಿ ಕೊಟ್ಟ ಮೇಲೂ ಒಂದೂವರೆ ತಿಂಗಳು ಕಾಯಿಸುವುದು ಮಾಮೂಲು. ಸಾಲ ತೀರಿದ ಮೇಲೆ ‘ಯಾವ ಬಾಕಿಯೂ ಇಲ್ಲ’ ಎಂಬ ಪತ್ರ, ಭದ್ರತೆಗೆಂದು ಕೊಟ್ಟಿದ್ದ ಚೆಕ್ಕು, ಎರಡೂ ಕೈಗೆ ಬರಬೇಕು. ತೀರದ ಸಾಲವಿಟ್ಟು ಹೋದವರ ಮೇಲೆ ಪ್ರಯಾಣ ನಿರ್ಬಂಧ ಬಿದ್ದಿರಬಹುದು. ಮುಂದೆಂದೋ ನೆಂಟರ ಮದುವೆಗೆ ದುಬೈಯಲ್ಲಿ ಇಳಿದಾಗ ಅದು ತಿಳಿಯುವುದು ಯಾರಿಗೂ ಬೇಡ.

ಇನ್ನು ಮನೆ. ದುಬೈಯಲ್ಲಿ ಬಾಡಿಗೆ ಮನೆಯೆಂದರೆ ವರ್ಷದ ಕರಾರು, ಮುಂದಿನ ತಾರೀಖಿನ ಚೆಕ್ಕುಗಳು. ಕರಾರಿನ ನಡುವೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ ಎಂದು ಬರೆದಿರುವುದು ಸಾಮಾನ್ಯ. ಆದ್ದರಿಂದ ಹಿಂದಿನ ವರ್ಷ ಕರಾರು ನವೀಕರಿಸುವಾಗಲೇ ಅದು ಮುಗಿಯುವ ತಿಂಗಳನ್ನು ಮಕ್ಕಳ ಶಾಲೆಯ ಕ್ಯಾಲೆಂಡರಿಗೆ ಹೊಂದಿಸಿಕೊಂಡವರು ಉಳಿಸುವ ದುಡ್ಡು ಸಣ್ಣದಲ್ಲ. ಬೀಗದ ಕೈ ಒಪ್ಪಿಸುವ ದಿನ ಬಿಲ್ಡಿಂಗಿನ ವಾಚ್‌ಮನ್ ಇಲ್ಲವೇ ಮೇಂಟೆನೆನ್ಸ್‌ನವನು ಬಂದು ಮನೆ ನೋಡುತ್ತಾನೆ. ಕನ್ನಡಿಗರ ಮನೆಯಲ್ಲಿ ಅವನ ಕಣ್ಣು ಹೋಗುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಒಲೆಯ ಹಿಂದಿನ ಗೋಡೆಯಲ್ಲಿ ಒಗ್ಗರಣೆಯ ಎಣ್ಣೆ ಕಟ್ಟಿದ ಹಳದಿ ಕಲೆ, ದೇವರ ಫೋಟೊಗಳಿಗೆ ಹೊಡೆದ ಮೊಳೆಗಳು, ದೀಪದ ಮಸಿ ಹತ್ತಿದ ಕಪಾಟಿನ ಮೇಲ್ಭಾಗ, ಧೂಳು ತುಂಬಿದ ಎ.ಸಿ. ಫಿಲ್ಟರು. ಇವನ್ನೆಲ್ಲ ಸೇರಿಸಿ ‘ಪೇಂಟಿಂಗ್ ಚಾರ್ಜ್’ ಎಂದು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಪೀಠೋಪಕರಣ ಇಲ್ಲದ ಮನೆಗೆ ವಾರ್ಷಿಕ ಬಾಡಿಗೆಯ ಶೇ. 5ರಷ್ಟು ಡಿಪಾಸಿಟ್ ಕೊಟ್ಟಿರುವುದು ವಾಡಿಕೆ, ಆದ್ದರಿಂದ ಮೊತ್ತ ಕಡೆಗಣಿಸುವಂಥದ್ದಲ್ಲ. ಮೊಳೆಯ ತೂತುಗಳಿಗೆ ಪುಟ್ಟಿ ಮೆತ್ತಿ, ಗೋಡೆ ಒರೆಸಿ, ಖಾಲಿ ಮನೆಯ ವಿಡಿಯೊ ತೆಗೆದಿಟ್ಟುಕೊಂಡರೆ ವಾದಕ್ಕೆ ಬಲ ಬರುತ್ತದೆ. ಮಾಲೀಕರು ಒಪ್ಪದೇ ಹೋದರೆ ದುಬೈಯಲ್ಲಿ ಬಾಡಿಗೆ ವಿವಾದಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ವಿಮಾನ ಹತ್ತಲು ವಾರವಿರುವಾಗ ಆ ದಾರಿ ಹಿಡಿಯುವವರು ವಿರಳ.

ಕರೆಂಟು, ನೀರಿನ ಡಿಪಾಸಿಟ್ ಬೇರೆ. ದುಬೈಯ ವಿದ್ಯುತ್ ಮತ್ತು ನೀರು ಪ್ರಾಧಿಕಾರ ‘ದೇವಾ’ ಫ್ಲ್ಯಾಟಿಗೆ 2,000 ದಿರ್ಹಮ್, ವಿಲ್ಲಾಕ್ಕೆ 4,000 ದಿರ್ಹಮ್ ಹಿಡಿದಿಟ್ಟುಕೊಂಡಿರುತ್ತದೆ. ಸಂಪರ್ಕ ಕಡಿತಕ್ಕೆ ಅರ್ಜಿ ಹಾಕಿದ ಮೇಲೆ ಕೊನೆಯ ಬಿಲ್ಲು ಮುರಿದು ಮಿಕ್ಕದ್ದನ್ನು ವಾಪಸ್ ಕೊಡುತ್ತಾರೆ. ಅದು ಬಂದು ಬೀಳಲು ಖಾತೆ ಜೀವಂತವಿರಬೇಕು. ಎ.ಸಿ.ಯ ತಂಪಿಗೆ ಪ್ರತ್ಯೇಕ ಕಂಪನಿಯಿದ್ದರೆ ಅದರ ಡಿಪಾಸಿಟ್ ಮರೆತುಹೋಗುವುದೇ ಹೆಚ್ಚು.

ಕಾರನ್ನು ಊರಿಗೆ ತರಬಹುದೇ ಎಂದು ಕೇಳುವವರು ಈಗಲೂ ಇದ್ದಾರೆ. ಯುಎಇಯ ಕಾರುಗಳಿಗೆ ಎಡಬದಿಗೆ ಸ್ಟೀರಿಂಗ್; ಭಾರತದ ನಿಯಮ ಬಲಬದಿಯದ್ದನ್ನೇ ಕೇಳುತ್ತದೆ. ಮಾತು ಅಲ್ಲಿಗೆ ಮುಗಿಯಿತು. ಮಾರುವಾಗ ಟ್ರಾಫಿಕ್ ದಂಡಗಳೆಲ್ಲ ತೀರಿರಬೇಕು, ಬ್ಯಾಂಕ್ ಸಾಲವಿದ್ದರೆ ಅದರ ಬಿಡುಗಡೆ ಪತ್ರ ಬೇಕು, ಹೆಸರು ಬದಲಾಯಿಸಲು ಮಾರುವವರ ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿರಬೇಕು. ಸಾಲಿಕ್ ಟೋಲಿನ ಖಾತೆಯಿಂದ ಆ ಕಾರಿನ ನಂಬರು ತೆಗೆಸದಿದ್ದರೆ ಹೊಸ ಮಾಲೀಕನ ಓಡಾಟಕ್ಕೆ ಹಳೆಯವರ ದುಡ್ಡು ಹೋಗುತ್ತಿರುತ್ತದೆ.

ವೀಸಾ ರದ್ದತಿಯಲ್ಲೂ ಸರದಿ ಇದೆ. ಹೆಂಡತಿ ಮಕ್ಕಳ ವೀಸಾ ಗಂಡನ ಪ್ರಾಯೋಜಕತ್ವದಲ್ಲಿದ್ದರೆ ಮೊದಲು ಅವರದ್ದು ರದ್ದಾಗಬೇಕು, ಆಮೇಲೆ ಗಂಡನದ್ದು. ರದ್ದಾದ ಮೇಲೆ ದೇಶ ಬಿಡಲು ವೀಸಾದ ವರ್ಗಕ್ಕೆ ತಕ್ಕಂತೆ ಕಾಲಾವಕಾಶ ಸಿಗುತ್ತದೆ, ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಹೆಂಡತಿ ಮಕ್ಕಳನ್ನು ಮೊದಲು ಕಳಿಸಿ ಗಂಡ ತಿಂಗಳು ಕಳೆದು ಬರುವ ಪದ್ಧತಿ ಇದೆ. ಮೇಲ್ನೋಟಕ್ಕೆ ಖರ್ಚು ಜಾಸ್ತಿ ಎನಿಸಿದರೂ ಮೇಲಿನ ಎಲ್ಲ ಬಾಕಿ ವಸೂಲಿಗೆ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಐಡಿ ಕೈಬಿಡುವ ಮೊದಲು ಮಾಡಿಸಲೇಬೇಕಾದ ಕಾಗದ ಒಂದಿದೆ: ಪೊಲೀಸರ ಸನ್ನಡತೆ ಪತ್ರ. ಮುಂದೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಅರ್ಜಿ ಹಾಕುವ ಯೋಚನೆ ಬಂದರೆ ಅಲ್ಲಿ ಕಳೆದ ವರ್ಷಗಳ ಬಗ್ಗೆ ಅದನ್ನು ಕೇಳುತ್ತಾರೆ. ಅಲ್ಲಿರುವಾಗ ಮೊಬೈಲಿನಲ್ಲೇ ಆಗುವ ಕೆಲಸ, ಊರಿಗೆ ಬಂದ ಮೇಲೆ ಬೆರಳಚ್ಚು, ದೃಢೀಕರಣ ಎಂದು ಅಲೆಸುತ್ತದೆ. ಅನುಭವ ಪತ್ರ, ಮಕ್ಕಳ ಲಸಿಕೆ ಪುಸ್ತಕ, ಆಸ್ಪತ್ರೆ ದಾಖಲೆ ಕೂಡ ಹೀಗೆಯೇ. ಮಗ ಅಲ್ಲೇ ಹುಟ್ಟಿದ್ದರೆ ಅವನ ಜನನ ಪ್ರಮಾಣಪತ್ರಕ್ಕೆ ಯುಎಇ ವಿದೇಶಾಂಗ ಇಲಾಖೆಯ ಮುದ್ರೆ, ಬರ್ ದುಬೈ ಕಡೆಯ ಭಾರತೀಯ ಕಾನ್ಸುಲೇಟಿನ ನೋಂದಣಿ ಇವೆಯೇ ಎಂದು ಒಮ್ಮೆ ತೆಗೆದು ನೋಡಬೇಕು.

ಶಾಲೆಯ ವಿಷಯ ತುಸು ಬಿಡಿಸಿ ಹೇಳಬೇಕು, ಯಾಕೆಂದರೆ ಊರಿಗೆ ಹೊರಡುವ ವರ್ಷವನ್ನೇ ಅದು ನಿರ್ಧರಿಸುತ್ತದೆ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಗೇ ಮಂಡಳಿಯ ನೋಂದಣಿ ಆಗುತ್ತದೆ. ಹತ್ತನೇ ತರಗತಿಗೋ ಹನ್ನೆರಡನೇ ತರಗತಿಗೋ ನೇರ ಸೇರ್ಪಡೆಗೆ ಮಂಡಳಿಯ ಒಪ್ಪಿಗೆ ಬೇಕು. ಒಂಬತ್ತು ಮುಗಿಸಿ ಹೊರಡುವುದಕ್ಕಿಂತ ಎಂಟು ಮುಗಿಸಿಯೋ ಹತ್ತು ಮುಗಿಸಿಯೋ ಹೊರಡುವುದು ಸಲೀಸು. ಇನ್ನೂ ಮುಂದೆ ನೋಡುವವರಿಗೆ ಕೆಸಿಇಟಿಯ ಲೆಕ್ಕವಿದೆ. ಸರ್ಕಾರಿ ಕೋಟಾದ ಎಂಜಿನಿಯರಿಂಗ್, ವೈದ್ಯಕೀಯ ಸೀಟಿಗೆ ಅರ್ಹತೆಯ ಮುಖ್ಯ ನಿಯಮ, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುವುದು. ಆರರಿಂದ ಹನ್ನೆರಡರ ತನಕ ಎಣಿಸಿದರೆ ಸರಿಯಾಗಿ ಏಳು. ಬಂಟ್ವಾಳದ ಕುಟುಂಬದ ಮಗಳು ಐದು ಮುಗಿಸಿ ಬರುತ್ತಿರುವುದು ಒಳ್ಳೆಯ ಘಳಿಗೆಯಲ್ಲೇ. ತಂದೆ ತಾಯಿ ಕರ್ನಾಟಕದಲ್ಲಿ ಓದಿದವರಾಗಿದ್ದರೆ ಇತ್ಯಾದಿ ಉಪನಿಯಮಗಳೂ ಇವೆ. ತಡವಾಗಿ ಬರುವವರು ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಸಾಲು ಬಿಡದೆ ಓದಿಕೊಳ್ಳುವುದು ಕ್ಷೇಮ.

ಆ ಮಗಳಿಗೆ ಕಷ್ಟವಾಗುವುದು ಬೇರೆ ಕಡೆ. ಯುಎಇಯ ಖಾಸಗಿ ಶಾಲೆಗಳಲ್ಲಿ ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಹರಳು ಹುರಿದಂತೆ ಆಡುವ ಮಗು ಬಲದಿಂದ ಎಡಕ್ಕೆ ಅಲಿಫ್ ಬರೆಯುತ್ತದೆ, ಆದರೆ ಒತ್ತಕ್ಷರ ಕಂಡರೆ ನಿಲ್ಲುತ್ತದೆ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆಯವರು ನಡೆಸುವ ಕನ್ನಡ ಪಾಠಶಾಲೆ ಇದೆ. ಊರಿಗೆ ಹೋಗುವುದು ಖಚಿತವಾದ ವರ್ಷವಾದರೂ ಮಕ್ಕಳನ್ನು ಅಲ್ಲಿಗೆ ಕಳಿಸಿದರೆ ಆರನೇ ತರಗತಿಯ ಮೊದಲ ಕಿರುಪರೀಕ್ಷೆ ಅಷ್ಟು ಭಯ ಹುಟ್ಟಿಸದು. ಅಲ್ಲಿ ಮಾರ್ಚ್‌ಗೆ ಶಾಲೆ ಮುಗಿದರೂ ಇಲ್ಲಿ ತೆರೆಯುವುದು ಮೇ ಕೊನೆಗೋ ಜೂನ್‌ಗೋ ಆದ್ದರಿಂದ ನಡುವೆ ಸಿಗುವ ದಿನಗಳೂ ಇವೆ. ವರ್ಗಾವಣೆ ಪತ್ರಕ್ಕೆ ಯಾವ ಯಾವ ಮುದ್ರೆ ಬೇಕು ಎಂದು ಸೇರಬೇಕಾದ ಶಾಲೆಯಲ್ಲಿ ಮೊದಲೇ ಕೇಳಿ, ಅಷ್ಟನ್ನೂ ದುಬೈಯಲ್ಲೇ ಹಾಕಿಸಿಕೊಂಡು ಬರಬೇಕು.

ಸಾಮಾನಿನ ಬಗ್ಗೆ ಗಲ್ಫಿನವರಿಗೆ ಹೇಳಿಕೊಡುವುದು ಏನೂ ಇಲ್ಲ. ಕಾರ್ಗೋದವನು ತರುವ ರಟ್ಟಿನ ಪೆಟ್ಟಿಗೆ, ಕಂದು ಟೇಪು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಮತ್ತು ಊರಿನ ಫೋನ್ ನಂಬರು. ಹಾಸಿಗೆಯ ನಡುವೆ ಮಿಕ್ಸಿ ಜಾರು, ಕಂಬಳಿಯೊಳಗೆ ಪಿಂಗಾಣಿ. ಅಲ್ಲಿಯೂ ಇಲ್ಲಿಯೂ ವಿದ್ಯುತ್ತಿನ ವೋಲ್ಟೇಜು ಹತ್ತಿರ ಹತ್ತಿರ ಒಂದೇ, ಆವರ್ತ 50 ಹರ್ಟ್ಸ್. ಚಪ್ಪಟೆ ಮೂರು ಕಡ್ಡಿಯ ಪ್ಲಗ್ಗು ಬದಲಿಸಿದರೆ ಯಂತ್ರಗಳು ನಡೆಯುತ್ತವೆ. ಹಾಗೆಂದು ಎಲ್ಲವನ್ನೂ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಹಡಗಿನ ಬಾಡಿಗೆ ಜಾಗ ಹಿಡಿದು ಲೆಕ್ಕ, ವಿಮಾನದ್ದು ತೂಕ ಹಿಡಿದು. ಹತ್ತು ವರ್ಷ ಕೂತ ಸೋಫಾಕ್ಕೆ ಕೊಡುವ ಕಾರ್ಗೋ ಹಣದಲ್ಲಿ ಊರಿನ ಬಡಗಿಯಿಂದ ಹಲಸಿನ ಮರದ ಬೆಂಚು ಮಾಡಿಸಿಕೊಳ್ಳಬಹುದು, ಕರಾವಳಿಯ ಮಳೆಗಾಲಕ್ಕೆ ಬೂಷ್ಟೂ ಹಿಡಿಯದು.

ಟಿವಿ ಹಿಡಿದುಕೊಂಡು ಬರುವ ಕಾಲವೂ ಹೋಯಿತು. ಚಪ್ಪಟೆ ಪರದೆಯ ಟಿವಿಗಿದ್ದ ಸುಂಕದ ರಿಯಾಯಿತಿಯನ್ನು ಸರ್ಕಾರ 2013ರ ಆಗಸ್ಟ್‌ನಲ್ಲೇ ತೆಗೆದುಹಾಕಿತು. ಬಳಸಿದ ಮನೆಸಾಮಾನಿಗೆ ವಾಸ್ತವ್ಯ ಬದಲಾವಣೆಯ ರಿಯಾಯಿತಿ ಇದೆ, ಎರಡು ವರ್ಷಕ್ಕೂ ಮಿಕ್ಕಿ ಹೊರಗಿದ್ದವರಿಗೆ ಅದು ದೊಡ್ಡದು. ಅದರ ಮೊತ್ತ, ಷರತ್ತುಗಳನ್ನು ಆಗಾಗ ಪರಿಷ್ಕರಿಸುತ್ತಾರಾದ್ದರಿಂದ ಹೊರಡುವ ತಿಂಗಳಲ್ಲಿ ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಕಾರ್ಗೋ ಅಂಗಡಿಯವನ ಬಾಯಿಮಾತು ಸಾಲದು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ತನಕ ಆಭರಣ ಸುಂಕವಿಲ್ಲದೆ ತರಲು ಅವಕಾಶ. ಆಭರಣ ಎಂದರೆ ಆಭರಣವೇ, ದೇರಾದ ಚಿನ್ನದ ಬೀದಿಯಲ್ಲಿ ಕೊಂಡ ನಾಣ್ಯ, ಬಿಸ್ಕತ್ತು ಅದರೊಳಗೆ ಬಾರದು. ಹನ್ನೆರಡು ವರ್ಷದಲ್ಲಿ ಕೂಡಿಸಿದ್ದು ಮಿತಿಗಿಂತ ಹೆಚ್ಚೇ ಇರುತ್ತದೆ. ರಸೀದಿ ಸಹಿತ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಸುಂಕ ಕಟ್ಟಿದರೆ ಬಜ್ಪೆ ವಿಮಾನ ನಿಲ್ದಾಣದಿಂದ ತಲೆ ಎತ್ತಿ ಹೊರಬರಬಹುದು. ಅತ್ತ ಯುಎಇಯಿಂದ ಹೊರಡುವಾಗಲೂ 60,000 ದಿರ್ಹಮ್ ಮೀರಿದ ನಗದು, ಬೆಲೆಬಾಳುವ ವಸ್ತುಗಳನ್ನು ಘೋಷಿಸಬೇಕು. ನಗದಿನ ಗೊಡವೆಯೇ ಬೇಡ, ಖಾತೆಯಿಂದ ಖಾತೆಗೆ ಕಳಿಸುವುದೇ ನೇರ ದಾರಿ.

ಊರಿನ ಕಡೆಯ ಸಿದ್ಧತೆಯಲ್ಲಿ ಬಹುಪಾಲು ಜನ ಮರೆಯುವುದು ಆರೋಗ್ಯ ವಿಮೆ. ಕಂಪನಿ ಕೊಟ್ಟ ವಿಮೆ ವೀಸಾದ ಜೊತೆಗೇ ಹೋಗುತ್ತದೆ. ಭಾರತದಲ್ಲಿ ಹೊಸ ಪಾಲಿಸಿಗೆ ಅಪಘಾತ ಬಿಟ್ಟರೆ ಮೊದಲ 30 ದಿನ ರಕ್ಷೆಯಿಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಗಲ್ಫಿನಲ್ಲಿ ನಲವತ್ತು ದಾಟಿದ ಎಷ್ಟೋ ಮಂದಿಗೆ ಇವೆರಡರಲ್ಲಿ ಒಂದಾದರೂ ಇರುತ್ತದೆ. ಬರಲು ಎರಡು ಮೂರು ವರ್ಷವಿರುವಾಗಲೇ ಊರಿನಲ್ಲೊಂದು ಪಾಲಿಸಿ ಶುರು ಮಾಡಿದರೆ ಕಾಯುವ ಅವಧಿ ಅಲ್ಲೇ ಕಳೆಯುತ್ತದೆ.

ತೆರಿಗೆಯ ವಿಷಯದಲ್ಲಿ ಏಪ್ರಿಲ್‌ನಲ್ಲಿ ಬಂದಿಳಿಯುವವರು ಆ ಹಣಕಾಸು ವರ್ಷದಲ್ಲೇ 182 ದಿನ ದಾಟುತ್ತಾರೆ, ಅಂದರೆ ನಿವಾಸಿಗಳಾಗುತ್ತಾರೆ. ಗಾಬರಿ ಬೇಡ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರನ್ನು ಕಾನೂನು ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ನಡುವಿನ ವರ್ಗದಲ್ಲಿ ಇಡುತ್ತದೆ. ದೀರ್ಘಕಾಲ ಗಲ್ಫಿನಲ್ಲಿದ್ದವರಿಗೆ ಇದು ಸಾಮಾನ್ಯವಾಗಿ ಎರಡು ವರ್ಷ ಸಿಗುತ್ತದೆ. ಆ ಅವಧಿಯಲ್ಲಿ ದುಬೈ ಬ್ಯಾಂಕಿನ ಠೇವಣಿ ಬಡ್ಡಿಯಂಥ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಬೀಳದು.

ಆದರೆ ಎನ್‌ಆರ್‌ಇ ಖಾತೆಗೆ ಈ ಮೃದುತ್ವ ಇಲ್ಲ. ಇಲ್ಲಿಯೇ ನೆಲೆಸಲು ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಅದನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಬಡ್ಡಿಗೆ ತೆರಿಗೆಯಿಲ್ಲವೆಂದು ಸುಮ್ಮನೆ ಹಾಗೆಯೇ ಮುಂದುವರಿಸುವುದು ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ. ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವ ತನಕ ಅದೇ ಬಡ್ಡಿಗೆ ಬಿಡಬಹುದು. ಹಣವನ್ನು ಡಾಲರಿನಲ್ಲೇ ಉಳಿಸಿಕೊಳ್ಳುವ ಆಸೆಯಿದ್ದವರಿಗೆ ಆರ್‌ಎಫ್‌ಸಿ ಎಂಬ ಖಾತೆಯಿದೆ. ಕೌಂಟರಿನಲ್ಲಿ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಮಕ್ಕಳಿಗೆ ಆಧಾರ್ ಆಗಿರದಿದ್ದರೆ ಭಾರತೀಯ ಪಾಸ್‌ಪೋರ್ಟ್ ತೋರಿಸಿ ಬಂದ ಕೂಡಲೇ ಅರ್ಜಿ ಹಾಕಬಹುದು, 182 ದಿನ ಕಾಯಬೇಕೆಂಬ ಕಟ್ಟು ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗಿಲ್ಲ.

ಬೀಳ್ಕೊಡುಗೆ ಊಟಗಳ ಬಗ್ಗೆಯೂ ಒಂದು ಮಾತು. ಬಿಲ್ಡಿಂಗಿನವರು, ಸಂಘದವರು, ಆಫೀಸಿನವರು, ಶಾರ್ಜಾದ ಚಿಕ್ಕಪ್ಪನ ಮಗ, ಅಬುಧಾಬಿಯ ಭಾವ, ಎಲ್ಲರೂ ಕೊನೆಯ ವಾರವನ್ನೇ ಕೇಳುತ್ತಾರೆ. ಒಪ್ಪಿಕೊಂಡರೆ ದೇವಾದ ಅರ್ಜಿಯೂ ಕಾರಿನ ವರ್ಗಾವಣೆಯೂ ಬಿರಿಯಾನಿಯ ನಡುವೆ ಸಿಕ್ಕಿಕೊಳ್ಳುತ್ತವೆ. ಊಟಗಳನ್ನು ಮಾರ್ಚ್ ಮೊದಲ ಎರಡು ವಾರಕ್ಕೆ ತಳ್ಳಿ, ಕೊನೆಯ ವಾರ ಮಂಚ ಮಾರಿದ ಮೇಲೆ ಮಲಗಲು ಒಂದು ಮನೆ ಮಾತ್ರ ಗೊತ್ತುಮಾಡಿಟ್ಟುಕೊಂಡರೆ ಸಾಕು.

ಅಲ್ಲಿನ ಸಿಮ್ಮನ್ನು ಅತಿ ಕಡಿಮೆ ಬಾಡಿಗೆಯ ಪ್ರೀಪೇಯ್ಡ್ ಯೋಜನೆಗೆ ಬದಲಿಸಿ ರೋಮಿಂಗ್ ತೆರೆಸಿಕೊಂಡು ಬಂದರೆ ದೇವಾ, ಮನೆ ಮಾಲೀಕರು, ವಾಹನ ವಿಮೆ ಇವರಿಂದ ಬರಬೇಕಾದದ್ದು ಬರುವವರೆಗೆ ಓಟಿಪಿ ಬಂಟ್ವಾಳದಲ್ಲೂ ಬರುತ್ತಿರುತ್ತದೆ. ಅಷ್ಟೂ ಬಂದ ಮೇಲೆ ಉಳಿದ ಹಣವನ್ನು ಊರಿನ ಖಾತೆಗೆ ಕಳಿಸಿ, ಬ್ಯಾಂಕಿಗೆ ಖಾತೆ ಮುಚ್ಚುವ ಪತ್ರ ಕೊಟ್ಟು, ಮುಚ್ಚಿದ್ದಕ್ಕೆ ಉತ್ತರ ಪಡೆದು, ಆಮೇಲೆ ಸಿಮ್ಮು.